ನಕ್ಷೆಯ ಗೆರೆಯನ್ನು ಮೀಟರಿನಲ್ಲಿ ಅಳೆಯುವುದು

ಶಿವಮೊಗ್ಗ ಪೇಟೆಯಿಂದ ತುಂಗೆ ಭದ್ರೆಯರು ಕೂಡುವ ಕೂಡ್ಲಿಯವರೆಗೆ ಒಂದು ನೇರ ಗೆರೆ ಎಳೆಯೋಣ. ಪೇಟೆಯನ್ನು ರೇಖಾಂಶ 75.57, ಅಕ್ಷಾಂಶ 13.93 ಎಂದೂ ಕೂಡ್ಲಿಯನ್ನು ಸ್ಥೂಲವಾಗಿ 75.67, 14.01 ಎಂದೂ ಇಟ್ಟುಕೊಂಡು, ಪೈಥಾನ್‌ನ ಜ್ಯಾಮಿತಿ ಆಕೃತಿಗಳ ಲೆಕ್ಕದ ಶೇಪ್ಲಿ ಲೈಬ್ರರಿಯಲ್ಲಿ ಲೈನ್‌ಸ್ಟ್ರಿಂಗ್ (ಬಿಂದುಗಳನ್ನು ಜೋಡಿಸುವ ಗೆರೆ) ರಚಿಸಿ ಅದರ ಉದ್ದವನ್ನು ಕೇಳಿದರೆ 0.128 ಎಂಬ ಉತ್ತರ ಬರುತ್ತದೆ. ಇದು ಮೀಟರೂ ಅಲ್ಲ, ಕಿಲೋಮೀಟರೂ ಅಲ್ಲ, ಡಿಗ್ರಿ. ಶೇಪ್ಲಿಗೆ ಭೂಮಿಯ ಆಕಾರದ ಅರಿವಿಲ್ಲ. ಕೊಟ್ಟ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲಿನ ಬಿಂದುಗಳೆಂದು ಬಗೆದು ಪೈಥಾಗೊರಸ್ ಪ್ರಮೇಯವನ್ನು ಹಚ್ಚುತ್ತದೆ, ಅಷ್ಟೇ.

ಇದನ್ನು 111ರಿಂದ ಗುಣಿಸಿ ಕಿಲೋಮೀಟರ್ ಮಾಡಿಕೊಳ್ಳುವ ಅಭ್ಯಾಸ ಹಲವರಲ್ಲಿದೆ, ಅದನ್ನು ಬಿಡಬೇಕು. ನಮ್ಮ ಅಕ್ಷಾಂಶದಲ್ಲಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್ ಇದ್ದರೆ ಪೂರ್ವ ಪಶ್ಚಿಮವಾಗಿ ಸುಮಾರು 108.1 ಮಾತ್ರ ಇರುವುದರಿಂದ, ಗೆರೆ ತಿರುಗಿದ ದಿಕ್ಕಿಗೆ ತಕ್ಕಂತೆ ತಪ್ಪೂ ಬದಲಾಗುತ್ತದೆ.

ಸರಿಯಾದ ದಾರಿಗಳು ಎರಡು. ಮೊದಲನೆಯದು, ಗೆರೆಯನ್ನು ಮೀಟರ್ ಮೂಲಮಾನದ ಪ್ರಕ್ಷೇಪಕ್ಕೆ (ದುಂಡು ಭೂಮಿಯನ್ನು ಸಪಾಟು ಹಾಳೆಗೆ ಇಳಿಸುವ ವಿಧಾನಕ್ಕೆ) ಬದಲಾಯಿಸಿ ಅಳೆಯುವುದು. 72ರಿಂದ 78 ಡಿಗ್ರಿ ರೇಖಾಂಶದವರೆಗಿನ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿಕೊಳ್ಳುವ ಪ್ರಕ್ಷೇಪ) 43ನೇ ಉತ್ತರ ವಲಯ, ಅಂದರೆ ಪ್ರಕ್ಷೇಪಗಳ ಸಂಕೇತಪಟ್ಟಿಯಾದ ಇಪಿಎಸ್‌ಜಿಯಲ್ಲಿ 32643, ಮಲೆನಾಡಿಗೆ ಹೇಳಿ ಮಾಡಿಸಿದಂತಿದೆ. ಅದರ ಮಧ್ಯರೇಖೆ 75 ಡಿಗ್ರಿಯಲ್ಲಿದ್ದು ಅಲ್ಲಿ ಅಳತೆಯ ಪ್ರಮಾಣ 0.9996 ಆಗಿರುವುದರಿಂದ, ನಮ್ಮ ಗೆರೆ ನಿಜಕ್ಕಿಂತ ಸುಮಾರು 5 ಮೀಟರ್ ಕಡಿಮೆ ಬರುತ್ತದೆ. ವೆಬ್ ನಕ್ಷೆಗಳು ಬಳಸುವ ಇಪಿಎಸ್‌ಜಿ 3857 ಪ್ರಕ್ಷೇಪದಲ್ಲೂ ಉತ್ತರ ಮೀಟರಿನಲ್ಲೇ ಬರುತ್ತದೆಯಾದರೂ ಅದನ್ನು ನಂಬಬಾರದು. ಅಲ್ಲಿ ಇದೇ ಗೆರೆ 14.43 ಕಿಲೋಮೀಟರ್ ಆಗಿ, ಸುಮಾರು 460 ಮೀಟರ್ ಉಬ್ಬುತ್ತದೆ.

ಎರಡನೆಯದು, ದೀರ್ಘಗೋಲದ (ಧ್ರುವಗಳಲ್ಲಿ ತುಸು ಚಪ್ಪಟೆಯಾದ ಭೂಮಿಯ ಆಕಾರದ) ಮೇಲೆಯೇ ಅಳೆಯುವುದು. ಪೈಥಾನ್‌ನದೇ ಇನ್ನೊಂದು ಲೈಬ್ರರಿಯಾದ ಪೈಪ್ರೋಜ್‌ನ ಜಿಯೋಡ್ ಎಂಬ ಸಾಧನಕ್ಕೆ, ಜಿಪಿಎಸ್ ಬಳಸುವ ದೀರ್ಘಗೋಲವಾದ ಡಬ್ಲ್ಯುಜಿಎಸ್ 84 ಎಂದು ತಿಳಿಸಿ ಗೆರೆಯನ್ನು ಕೊಟ್ಟರೆ 13.97 ಕಿಲೋಮೀಟರ್ ಎನ್ನುತ್ತದೆ. ಜಿಲ್ಲೆಯ ಗಡಿ ದಾಟುವ ಉದ್ದನೆಯ ಗೆರೆಗಳಿಗೆ ನಾನು ಇದನ್ನೇ ಆರಿಸುತ್ತೇನೆ. ಇಲ್ಲಿ ರೇಖಾಂಶ ಮೊದಲು, ಅಕ್ಷಾಂಶ ನಂತರ. ಅದಲು ಬದಲಾದರೆ ಕೂಡ್ಲಿಯ ಗೆರೆ ನಾರ್ವೆಯ ಉತ್ತರದ ಕಡಲಿಗೆ ಹೋಗಿ 11.38 ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ದೋಷಸಂದೇಶ ಬರುವುದಿಲ್ಲ, ಅಂಕಿಯೂ ನಂಬುವಂತಿರುತ್ತದೆ. ಆದ್ದರಿಂದಲೇ ಈ ತಪ್ಪು ಕೊನೆಯವರೆಗೂ ಕಣ್ಣಿಗೆ ಬೀಳದೆ ಉಳಿಯುತ್ತದೆ. ಅಳೆಯುವ ಮೊದಲು ಗೆರೆಯನ್ನು ನಕ್ಷೆಯ ಮೇಲೆ ಒಮ್ಮೆ ಹಾಕಿ ನೋಡಿ. ಪೋಸ್ಟ್‌ಜಿಐಎಸ್ (ನಕ್ಷೆಯ ಮಾಹಿತಿಗಾಗಿ ಇರುವ ಡೇಟಾಬೇಸ್) ಬಳಸುವವರು ಆಕೃತಿಯನ್ನು ಜಿಯೋಗ್ರಫಿ ಎಂಬ ದತ್ತಾಂಶ ಪ್ರಕಾರಕ್ಕೆ ಪರಿವರ್ತಿಸಿ ಉದ್ದ ಕೇಳಿದರೆ ಸಾಕು.

ಬಹುಭುಜಗಳ ವಿಚಾರ ಬೇರೆ. ಅಡಿಕೆ ತೋಟಕ್ಕೆ ಎಷ್ಟು ತಂತಿ ಬೇಲಿ ಬೇಕೆಂದು ಲೆಕ್ಕ ಹಾಕುವಾಗ, ತೋಟದ ನಡುವಿನ ಹೊಂಡವನ್ನು ಆಕೃತಿಯಿಂದ ಕಳೆದಿದ್ದರೆ, ಶೇಪ್ಲಿ ಹೊಂಡದ ಅಂಚನ್ನೂ ಸೇರಿಸಿಯೇ ಉದ್ದ ಹೇಳುತ್ತದೆ. ಬೇಲಿಗೆ ಹೊರ ಅಂಚನ್ನಷ್ಟೇ ಪ್ರತ್ಯೇಕವಾಗಿ ಕೇಳಬೇಕು. ಪೋಸ್ಟ್‌ಜಿಐಎಸ್‌ನಲ್ಲಿ ಬಹುಭುಜದ ಉದ್ದ ಕೇಳಿದರೆ ಸೊನ್ನೆ ಬರುತ್ತದೆ, ಸುತ್ತಳತೆಗೆ ಪೆರಿಮೀಟರ್ ಎಂಬ ಬೇರೆ ಫಂಕ್ಷನ್ ಇದೆ.

ಜಿಪಿಎಸ್ ಹಿಡಿದು ನಡೆದು ತಂದ ಗೆರೆಯಾದರೆ ಇನ್ನೂ ಒಂದು ತೊಡಕು. ದಟ್ಟ ಮರಗಳ ಕೆಳಗೆ ಬಿಂದುಗಳು ಅತ್ತಿತ್ತ ಜಿಗಿಯುತ್ತವೆ, ಆ ಜಿಗಿತಗಳೆಲ್ಲ ಉದ್ದಕ್ಕೆ ಸೇರಿಕೊಳ್ಳುತ್ತವೆ. ಗೆರೆಯನ್ನು ಯುಟಿಎಂಗೆ ತಂದು ಕೆಲವೇ ಮೀಟರ್ ಸಹನಾಮಿತಿಯಿಟ್ಟು (ಗೆರೆ ಮೂಲದಿಂದ ಎಷ್ಟು ಸರಿಯಬಹುದೆಂಬ ಮಿತಿ) ಸರಳಗೊಳಿಸಿದರೆ ಬಹುಪಾಲು ಜಿಗಿತ ತಗ್ಗುತ್ತದೆ. ಆದರೆ ಆಗುಂಬೆ ಘಾಟಿಯಂಥ ದಾರಿಯಲ್ಲಿ ಮಿತಿಯನ್ನು 30 ಮೀಟರಿಗೆ ಏರಿಸಿದರೆ ಹೇರ್‌ಪಿನ್ ತಿರುವುಗಳ ತುದಿಯೇ ಕತ್ತರಿಸಿಹೋಗಬಹುದು; ಹಳೆಯ ಮತ್ತು ಹೊಸ ಗೆರೆಗಳನ್ನು ಒಂದರ ಮೇಲೊಂದು ಹಾಕಿ ಪ್ರತಿ ತಿರುವನ್ನೂ ಪರೀಕ್ಷಿಸಿ. ಘಾಟಿಯ ಏರು ಕೂಡ ಈ ಅಳತೆಗಳಲ್ಲಿ ಸೇರುವುದಿಲ್ಲ. ನೂರಕ್ಕೆ ಹತ್ತರಷ್ಟು ಏರಿದ್ದಲ್ಲಿ ಕಿಲೋಮೀಟರಿಗೆ 5 ಮೀಟರ್ ಹೆಚ್ಚಾಗುತ್ತದೆ. ರಸ್ತೆಯ ದೂರಕ್ಕೆ ಅದನ್ನು ಬಿಡಬಹುದು; ಪೈಪಿಗೋ ಕೇಬಲ್ಲಿಗೋ ಅಳೆಯುತ್ತಿದ್ದರೆ ಎತ್ತರವನ್ನೂ ಸೇರಿಸಿ ಮೂರು ಆಯಾಮದ ಉದ್ದವನ್ನೇ ತೆಗೆಯಬೇಕು.