ಗ್ರೀನ್ ಬೀನ್ ಕ್ಯಾಸರೋಲ್: ಮೊದಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹೊರಟ ಹೊಸಬರಿಗೆ

ನವೆಂಬರ್ ಬಂದು ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾಯಿತೆಂದರೆ ಇಲ್ಲಿನ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇದೊಂದು ಪ್ರಶ್ನೆ ಗ್ಯಾರಂಟಿ: "ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದಾರೆ, ಗ್ರೀನ್ ಬೀನ್ ಕ್ಯಾಸರೋಲ್ ತರ್ತೀರಾ ಅಂದರು, ಹೂಂ ಅಂದುಬಿಟ್ಟೆ, ಏನದು?"

ಬೀನ್ಸ್ ಅಂದ ತಕ್ಷಣ ನಮ್ಮ ಕೈ ಸಾಸಿವೆ ಡಬ್ಬಿಗೆ ಹೋಗುತ್ತದೆ. ತಡೆಯಿರಿ, ಇದು ಪಲ್ಯವಲ್ಲ. ಬೆಂದ ಬೀನ್ಸನ್ನು ಗಟ್ಟಿ ಅಣಬೆ ಸೂಪಿನಲ್ಲಿ ಕಲಸಿ, ಮೇಲೆ ಕರಿದ ಈರುಳ್ಳಿ ಉದುರಿಸಿ ಅವನ್‌ನಲ್ಲಿ ಇಡುವುದು, ಅಷ್ಟೇ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಡಾರ್ಕಸ್ ರೈಲಿ ಇದನ್ನು ರೂಪಿಸಿದರು. ಮನೆಯಲ್ಲಿ ಹೇಗೂ ಇರುವ ಸಾಮಾನಿನಲ್ಲೇ ಆಗಬೇಕು ಅನ್ನುವುದು ಲೆಕ್ಕ. ಹಾಗಾಗಿ ಡಬ್ಬಿ ಸೂಪು ಸುರಿಯಲು ಸಂಕೋಚ ಬೇಡ, ಡಬ್ಬಿಗೋಸ್ಕರವೇ ಹುಟ್ಟಿದ ಅಡುಗೆ ಇದು.

ಸಾಮಾನು (ಆರು ಜನಕ್ಕೆ)
- ಬೆಂದ ಬೀನ್ಸ್ 4 ಕಪ್
- 10.5 ಔನ್ಸಿನ ಕ್ರೀಮ್ ಆಫ್ ಮಶ್ರೂಮ್ ಸೂಪ್, 1 ಡಬ್ಬಿ
- ಹಾಲು ಅರ್ಧ ಕಪ್
- ಸೋಯಾ ಸಾಸ್ 1 ಚಮಚ, ಟೀ ಚಮಚ
- ಕರಿಮೆಣಸಿನ ಪುಡಿ ಚೂರು
- ಡಬ್ಬಿಯಲ್ಲಿ ಬರುವ ಫ್ರೆಂಚ್ ಫ್ರೈಡ್ ಆನಿಯನ್ಸ್ 1⅓ ಕಪ್

ಸೂಪಿನ ಡಬ್ಬಿ, ದಯವಿಟ್ಟು ಪೂರ್ತಿ ಓದಿ

ಡಬ್ಬಿಯ ಮೇಲೆ "ಕಂಡೆನ್ಸ್ಡ್", ಅಂದರೆ ನೀರಿನಂಶ ಕಡಿಮೆ ಮಾಡಿ ಗಟ್ಟಿ ಮಾಡಿದ್ದು, ಎಂದು ಇರಲೇಬೇಕು. ಹಾಗೆ ಇಲ್ಲದ ಡಬ್ಬಿ ನೇರ ಬಿಸಿ ಮಾಡಿ ಕುಡಿಯುವ ಸೂಪು. ನಾನು ಮೊದಲ ವರ್ಷ ಕಂಡೆನ್ಸ್ಡ್ ಡಬ್ಬಿಯನ್ನೇ ತಂದೆ. ಆದರೆ ಹಿಂದೆ ಬರೆದಿದ್ದ ಸೂಪಿನ ವಿಧಾನ ಓದಿ ಅದೇ ಡಬ್ಬಿಯಲ್ಲಿ ಒಂದಳತೆ ನೀರು ಸುರಿದೆ. ಊಟಕ್ಕೆ ಕೂತಾಗ ಸೌಟು ಮುಳುಗಿಸಿದರೆ ತಿಳಿಸಾರಿನಲ್ಲಿ ಬೀನ್ಸ್ ಈಜುತ್ತಿತ್ತು. ಆ ಮನೆಯ ಅಜ್ಜಿ "ಇಂಟರೆಸ್ಟಿಂಗ್" ಅಂದರು. ಅದು ಹೊಗಳಿಕೆಯಲ್ಲ ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ನೀರು ಬೇಡ. ಅರ್ಧ ಕಪ್ ಹಾಲು ಸಾಕು.

ಸಸ್ಯಾಹಾರಿಗಳು ಪಟ್ಟಿ ಓದದೆ ಡಬ್ಬಿ ಎತ್ತಬೇಡಿ. ಪಕ್ಕದಲ್ಲೇ ಕ್ರೀಮ್ ಆಫ್ ಚಿಕನ್ ಇರುತ್ತದೆ, ನೋಡಲು ಅಣ್ಣತಮ್ಮಂದಿರ ಹಾಗೆ. ಸೋಯಾ ಸಾಸ್ ಬದಲು ವೂಸ್ಟರ್‌ಶೈರ್ ಸಾಸ್ ಹಾಕಿ ಅಂತ ಯಾರಾದರೂ ಹೇಳಿದರೆ, ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಬೆಳ್ಳುಳ್ಳಿ ತಿನ್ನದವರಿಗೆ ಡಬ್ಬಿ ಸೂಪೂ ಕಷ್ಟ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಗಟ್ಟಿ ಮಾಡಿಕೊಳ್ಳಿ. ಅಲ್ಲಿ ನಿಮ್ಮ ತಟ್ಟೆಗೆ ಬೀಳುವ ಬೇರೆ ಪದಾರ್ಥಗಳನ್ನೂ ಕೇಳಿಯೇ ಹಾಕಿಸಿಕೊಳ್ಳಿ: ಸಿಹಿಗೆಣಸಿನ ಮೇಲೆ ಹಾಕುವ ಮಾರ್ಷ್‌ಮೆಲ್ಲೊ ಎಂಬ ಮೆತ್ತನೆಯ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ, ಗ್ರೇವಿ ಟರ್ಕಿ ಕೋಳಿಯ ಮಾಂಸದ್ದು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸುಮ್ಮನೆ ತಟ್ಟೆ ಬದಿಗೆ ಸರಿಸಿದರೆ ಮಾತ್ರ ಮಾಡಿಕೊಳ್ಳುತ್ತಾರೆ.

ಅವನ್

ಮೊದಲು ಬಾಗಿಲು ತೆಗೆದು ನೋಡಿ. ಬಾಂಡ್ಲೆ, ದೋಸೆ ಹೆಂಚು, ಪ್ಲಾಸ್ಟಿಕ್ ಮುಚ್ಚಳ ಎಲ್ಲವೂ ಒಳಗೇ ಇರುತ್ತವೆ. ನಮ್ಮವರೆಲ್ಲರೂ ಅವನ್ನನ್ನು ಬೀರು ಮಾಡಿಕೊಂಡಿದ್ದಾರೆ, ಇಲ್ಲ ಅನ್ನಬೇಡಿ. ಅವನ್ನೆಲ್ಲ ಹೊರಗಿಡದೆ ಬಿಸಿ ಹಾಕಿ ಮೂರು ಮುಚ್ಚಳ ಕರಗಿಸಿದವಳು ನಾನು. ಹೊಗೆಗೆ ಅಲಾರಂ ಕೂಗಿ ಇಡೀ ಅಪಾರ್ಟ್‌ಮೆಂಟ್ ಚಳಿಯಲ್ಲಿ ಹೊರಗೆ ನಿಂತಿತ್ತು. ಅಲಾರಂನ ಬ್ಯಾಟರಿ ಕೀಳುವ ಬುದ್ಧಿವಂತಿಕೆ ಬೇಡ.

ಅವನ್ನನ್ನು 350 ಡಿಗ್ರಿಗೆ ಇಡಿ. ಅದು ಫ್ಯಾರನ್‌ಹೀಟ್, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 177. ಪೂರ್ತಿ ಕಾದ ಮೇಲೆಯೇ ಪಾತ್ರೆ ಒಳಗಿಡಿ. ಬಿಸಿ ಗಾಜಿನ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲೆ ಇಟ್ಟರೆ ಸಿಡಿಯಬಹುದು. ಒಣ ಬಟ್ಟೆ ಹಾಸಿ.

ಮಾಡುವ ಕ್ರಮ

ತಾಜಾ ಬೀನ್ಸಾದರೆ ತೊಟ್ಟು, ನಾರು ತೆಗೆದು ಬೆರಳುದ್ದ ಕತ್ತರಿಸಿ. ಪಲ್ಯಕ್ಕೆ ಹೆಚ್ಚುವಂತೆ ಸಣ್ಣಗೆ ಬೇಡ. ಉಪ್ಪು ನೀರಿನಲ್ಲಿ ಬೇಯಿಸಿ ಬಸಿಯಿರಿ. ಕುಕ್ಕರ್ ಮುಟ್ಟಬೇಡಿ. ಸೂಪು, ಹಾಲು, ಸೋಯಾ, ಮೆಣಸು, ಕರಿದ ಈರುಳ್ಳಿಯಲ್ಲಿ ಅರ್ಧ ಭಾಗ ಬೆರೆಸಿ ಬೀನ್ಸ್ ಹಾಕಿ ಕಲಸಿ. ಅವನ್‌ನಲ್ಲಿ 25 ನಿಮಿಷ, ಅಂಚಿನಲ್ಲಿ ಗುಳ್ಳೆ ಏಳುವವರೆಗೆ. ತೆಗೆದು ಕೈಯಾಡಿಸಿ, ಉಳಿದ ಈರುಳ್ಳಿ ಉದುರಿಸಿ ಇನ್ನು 5 ನಿಮಿಷ. ಮೇಲಿನ ಈರುಳ್ಳಿಯನ್ನು ಮೊದಲೇ ಹಾಕಿದರೆ ಕರಿಕಲು. ಖಾರ ಇಲ್ಲ ಅಂತ ಹಸಿಮೆಣಸಿನಕಾಯಿ ಸೇರಿಸಬೇಡಿ. ಅವರ ಮಕ್ಕಳು ವರ್ಷವಿಡೀ ಕಾಯುವುದು ಈ ಸಪ್ಪೆ ರುಚಿಗೇ. ನಮ್ಮ ಕೈರುಚಿ ತೋರಿಸಬೇಕಾದರೆ ಹೆಸರುಬೇಳೆ ಕೋಸಂಬರಿ ಬೇರೆ ಬಟ್ಟಲಲ್ಲಿ ಒಯ್ಯಿರಿ, ಮೊದಲು ಖಾಲಿಯಾಗುವುದು ಅದೇ.

ಹೊತ್ತು

ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಡಿನ್ನರ್ ಅಂದರೂ ಮಧ್ಯಾಹ್ನ ಎರಡಕ್ಕೇ ಕರೆಯುವವರಿದ್ದಾರೆ. ಎರಡು ಅಂದರೆ ಎರಡೇ. ನಮ್ಮ ಯುಗಾದಿ ಕಾರ್ಯಕ್ರಮದ ಎರಡು ಅಲ್ಲ.

ಪಾತ್ರೆಯ ಅಡಿಗೆ ಹೆಸರು ಬರೆದು ಟೇಪ್ ಅಂಟಿಸಿ. ಅದನ್ನು ತೊಳೆದು ಖಾಲಿಯಾಗಿಯೇ ವಾಪಸ್ ಕೊಡುತ್ತಾರೆ. ಒಂದು ಚಮಚ ಸಕ್ಕರೆಯಾದರೂ ಹಾಕಲಿಲ್ಲವಲ್ಲ ಅಂತ ನೊಂದುಕೊಳ್ಳಬೇಡಿ, ಇಲ್ಲಿ ಆ ಪದ್ಧತಿ ಇಲ್ಲ.