ಒಂದು ಕೆಲಸ, ಒಂದು ಯಾನ: ಸಣ್ಣ ಹಾಯಿದೋಣಿಯನ್ನು ನಾವೇ ಸಜ್ಜು ಮಾಡುವುದು ಹೇಗೆ?

ಹಳೆಯ ಹಾಯಿದೋಣಿ ಕೊಂಡವರಲ್ಲಿ ತುಂಬಾ ಜನ ಒಂದೇ ತಪ್ಪು ಮಾಡುತ್ತಾರೆ. ದೋಣಿಯನ್ನು ದಡಕ್ಕೆ ಎತ್ತಿಸಿ, ಒಳಗಿರುವುದನ್ನೆಲ್ಲ ಒಟ್ಟಿಗೆ ಬಿಚ್ಚಿ ಹಾಕುತ್ತಾರೆ. ವೈರು ಒಂದು ಕಡೆ, ಹಲಗೆ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ. ಎರಡು ವರ್ಷ ಕಳೆದರೂ ದೋಣಿ ನೀರು ಕಾಣುವುದಿಲ್ಲ. ನನ್ನ 25 ಅಡಿಯ ದೋಣಿಯ ಮೊದಲ ಹಂಗಾಮು ಪೂರ್ತಿ ಹಾಗೆಯೇ ದಡದಲ್ಲಿ ಕಳೆಯಿತು. ಅಲ್ಲಿಂದ ಒಂದು ಕ್ರಮ ಇಟ್ಟುಕೊಂಡೆ. ಒಂದು ಕೆಲಸ ಪೂರ್ತಿ ಮುಗಿಸುವುದು, ಒಂದು ಸಣ್ಣ ಯಾನ ಹೋಗಿಬರುವುದು, ಆಮೇಲೆ ಮುಂದಿನ ಕೆಲಸಕ್ಕೆ ಕೈ ಹಾಕುವುದು. ಮುಂದಿನ ಕೆಲಸ ಯಾವುದು ಎಂದು ಆ ಯಾನದಲ್ಲೇ ಗೊತ್ತಾಗುತ್ತದೆ.

ದೋಣಿ ಸಣ್ಣದು ಎಂಬ ಚಿಂತೆ ಬೇಡ. ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ ಲೋಕ ಸುತ್ತಿದ ‘ಸೆರಾಫಿನ್’ ದೋಣಿಯ ಉದ್ದ 24 ಅಡಿ 4 ಇಂಚು. ತಾವೇ ಕಟ್ಟಿದ ದೋಣಿ. 1968ರಲ್ಲಿ ನೀರಿಗಿಳಿಯಿತು. ಅದರಲ್ಲಿ ಎಂಜಿನ್ನೇ ಇರಲಿಲ್ಲ. ಸಣ್ಣ ದೋಣಿಯಲ್ಲಿ ಹಗ್ಗ ಸಣ್ಣದು, ಹಾಯಿ ಸಣ್ಣದು, ಎಳೆತ ಕಡಿಮೆ. ಹಾಗಾಗಿ ಹೆಚ್ಚಿನ ಕೆಲಸ ನಮ್ಮ ಕೈಯಲ್ಲೇ ಆಗುತ್ತದೆ.

ಮೊದಲು ನೀರು ಒಳಗೆ ಬರುವ ದಾರಿ ನೋಡಿ

ದೋಣಿಯ ಹೊಟ್ಟೆಯಲ್ಲಿ ಕೆಲವು ತೂತುಗಳು ಬೇಕೆಂದೇ ಕೊರೆದಿರುತ್ತವೆ. ಎಂಜಿನ್ ತಣಿಸುವ ನೀರಿಗೆ, ಸಿಂಕಿಗೆ, ಶೌಚಕ್ಕೆ. ಒಂದೊಂದಕ್ಕೂ ಒಳಗಿನಿಂದ ವಾಲ್ವ್ ಇರುತ್ತದೆ. ಎಲ್ಲವನ್ನೂ ಹುಡುಕಿ, ಒಂದು ಕಾಗದದ ಮೇಲೆ ದೋಣಿಯ ಚಿತ್ರ ಬರೆದು ಗುರುತು ಹಾಕಿ. ಕೈಯಿಂದ ತಿರುಗಿಸಿ ನೋಡಿ. ತಿರುಗದ ವಾಲ್ವ್ ಇದ್ದೂ ಇಲ್ಲದಂತೆ. ಲೋಹವನ್ನು ಸ್ವಲ್ಪ ಕೆರೆದು ನೋಡಿ. ಹಿತ್ತಾಳೆಯದಾಗಿದ್ದು ಬಣ್ಣ ನಸುಗೆಂಪಿಗೆ ತಿರುಗಿದ್ದರೆ, ಅದರಲ್ಲಿದ್ದ ಸತುವನ್ನು ಉಪ್ಪುನೀರು ತಿಂದಿದೆ ಎಂದು ಅರ್ಥ. ಅಂಥದ್ದು ನೋಡಲು ಗಟ್ಟಿಯಾಗಿದ್ದರೂ ಒಂದು ಏಟಿಗೆ ಮುರಿಯುತ್ತದೆ. ಕಂಚಿನದನ್ನು ಹಾಕಿಸಿ. ಈ ಬದಲಾವಣೆ ದೋಣಿ ದಡದ ಮೇಲಿದ್ದಾಗ ಮಾತ್ರ. ಪೈಪಿಗೆ ಜಾಗವಿದ್ದಲ್ಲೆಲ್ಲ ಎರಡು ಕ್ಲಿಪ್ ಬಿಗಿಯಿರಿ. ಪ್ರತಿ ವಾಲ್ವಿನ ಪಕ್ಕ ಅದರ ಅಳತೆಯ ಮೆತ್ತನೆ ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡಿ. ಪೈಪು ಕಿತ್ತುಬಂದ ಹೊತ್ತಿನಲ್ಲಿ ಬಿರಡೆಗಾಗಿ ಡಬ್ಬ ತಡಕಾಡುವಂತಾಗಬಾರದು.

ಡೆಕ್, ಅಂದರೆ ದೋಣಿಯ ಮೇಲ್ಹಾಸು, ಸೋರುವುದು ಇದಕ್ಕಿಂತ ನಿಧಾನದ ರೋಗ. ಫೈಬರ್‌ಗ್ಲಾಸ್ ದೋಣಿಯ ಡೆಕ್ ಹೆಚ್ಚಾಗಿ ಸ್ಯಾಂಡ್‌ವಿಚ್ ಇದ್ದಂತೆ. ಮೇಲೆ ಕೆಳಗೆ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಡೆಕ್ಕಿನ ಮೇಲಿನ ಒಂದೊಂದು ಕೊಂಡಿ, ಕಂಬಿಗೂ ಬೋಲ್ಟಿನ ತೂತು ಇರುತ್ತದೆ. ಆ ತೂತಿನ ಸುತ್ತಲಿನ ಹಳೆಯ ಅಂಟು ಒಣಗಿ ಬಿರಿದಾಗ ನೀರು ನಡುವಿನ ಮರಕ್ಕೆ ಇಳಿಯುತ್ತದೆ. ಮರ ಕೊಳೆಯುತ್ತದೆ. ನೀರು ಒಳಗೊಳಗೇ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ಹನಿ ಬೀಳುವ ಜಾಗದ ಮೇಲೆಯೇ ತೂತಿದೆ ಎಂದು ನಂಬಬೇಡಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಅಂಗೈಯಗಲ ಬಿಟ್ಟು ಬಿಟ್ಟು ಬಡಿಯುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ. ನೆಂದ ಜಾಗ ದಬ್ ಎನ್ನುತ್ತದೆ. ಹತ್ತು ನಿಮಿಷದಲ್ಲಿ ಕಿವಿ ಪಳಗುತ್ತದೆ.

ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಪಡಿಸಬೇಕು. 6 ಮಿಲಿಮೀಟರ್ ಬೋಲ್ಟ್ ಇದ್ದಲ್ಲಿ ತೂತನ್ನು 10–12 ಮಿಲಿಮೀಟರಿಗೆ ಅಗಲ ಮಾಡಿ. ಬಗ್ಗಿಸಿದ ಮೊಳೆಯೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ತೂತಿನ ಸುತ್ತಲಿನ ಮೆತ್ತಗಾದ ಮರ ಪುಡಿಯಾಗಿ ಬರುತ್ತದೆ. ಪುಡಿ ಪೂರ್ತಿ ಒಣಗಿ ಬರುವವರೆಗೆ ಕಾಯಿರಿ. ದಿನಗಟ್ಟಲೆ ಹಿಡಿಯಬಹುದು, ಹಿಡಿಯಲಿ. ಒದ್ದೆ ಮರದ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸುರಿದರೆ ಕೊಳೆಯನ್ನು ಒಳಗೇ ಇಟ್ಟು ಬಾಗಿಲು ಹಾಕಿದಂತೆ, ಅಲ್ವಾ? ಒಣಗಿದ ಮೇಲೆ ಕೆಳಗಿನಿಂದ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿಯನ್ನು ಒಳಗೆ ಸವರಿ, ಆಮೇಲೆ ಸಿಲಿಕಾ ಪುಡಿ ಕಲಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಿ. ಪೂರ್ತಿ ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಿರಿ. ಇನ್ನು ಮುಂದೆ ಅಂಟು ಬಿರಿದರೂ ನೀರಿಗೆ ಮರ ಸಿಗುವುದಿಲ್ಲ.

ಕೈಗವಸು ಇಲ್ಲದೆ ಎಪಾಕ್ಸಿ ಮುಟ್ಟಬೇಡಿ. ಒಮ್ಮೆ ಅದರ ಅಲರ್ಜಿ ಶುರುವಾದರೆ ಜೀವಮಾನವಿಡೀ ಬಿಡುವುದಿಲ್ಲ.

ಮತ್ತೆ ಕೂರಿಸುವಾಗ ತೂತಿನ ಬಾಯಿಯನ್ನು ಸ್ವಲ್ಪ ಲಾಳಿಕೆಯಂತೆ ಅಗಲ ಮಾಡಿ. ಬೋಲ್ಟಿನ ಕುತ್ತಿಗೆಗೆ ಬ್ಯುಟೈಲ್ ಟೇಪನ್ನು (ಮೆತ್ತನೆ ರಬ್ಬರಿನಂಥ ಅಂಟುಪಟ್ಟಿ) ಉಂಗುರದಂತೆ ಸುತ್ತಿ, ಕೊಂಡಿಯ ತಳಕ್ಕೂ ಹಚ್ಚಿ. ಕೆಳಗಡೆ ದಪ್ಪನೆಯ ತಗಡು ಕೊಟ್ಟು ನಟ್ ಹಾಕಿ. ಇಲ್ಲೊಂದು ಸಣ್ಣ ಗುಟ್ಟಿದೆ. ಮೇಲಿನ ಬೋಲ್ಟನ್ನು ಅಲುಗದಂತೆ ಹಿಡಿದು, ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಸುತ್ತಿದ ಟೇಪು ಹರಿಯುತ್ತದೆ. ಒಂದೇ ದಿನ ಪೂರ್ತಿ ಬಿಗಿಯಬೇಡಿ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ, ಅಂಚಿನಿಂದ ಟೇಪು ಉಕ್ಕುವುದು ನಿಲ್ಲುವವರೆಗೆ. ಇಲ್ಲಿ ಸಿಲಿಕೋನ್ ಬೇಡವೇ ಬೇಡ. ಅದರ ಜಿಡ್ಡು ಉಳಿದ ಜಾಗಕ್ಕೆ ಆಮೇಲೆ ಏನೂ ಅಂಟುವುದಿಲ್ಲ. ಇಂಧನ ತುಂಬುವ ಮುಚ್ಚಳದ ಸುತ್ತ ಬ್ಯುಟೈಲ್ ಕೂಡ ಸಲ್ಲ, ಪೆಟ್ರೋಲು ಡೀಸೆಲ್ ಅದನ್ನು ಕರಗಿಸುತ್ತವೆ.

ಮಾಸ್ಟ್ ಹಿಡಿದಿರುವ ತಂತಿಗಳು

ಮಾಸ್ಟ್ ಎಂದರೆ ಹಾಯಿ ಕಟ್ಟುವ ಕಂಬ. ಇಲ್ಲಿ ಕೆಲಸಕ್ಕಿಂತ ನೋಡುವುದೇ ಜಾಸ್ತಿ. ಸ್ಟೀಲ್ ತಂತಿ ತುದಿಯ ಕೊಳವೆಯೊಳಗೆ ಹೊಕ್ಕುವ ಜಾಗದಲ್ಲಿ ಹತ್ತಿಯನ್ನು ಸವರಿ. ಒಂದು ಎಳೆ ತುಂಡಾಗಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ಹೋಗಿದ್ದರೆ ಆ ತಂತಿಯನ್ನು ಬದಲಿಸಿ, ಜೊತೆಯವನ್ನೂ ಅನುಮಾನದಿಂದಲೇ ನೋಡಿ. ಎಳೆ ತುಂಡಾಗಿರದಿದ್ದರೂ 10ರಿಂದ 15 ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದು ಮಾಡುವುದು ರೂಢಿ. ತಂತಿಯನ್ನು ದೋಣಿಗೆ ಬಂಧಿಸುವ ಪಟ್ಟಿಗಳು ಡೆಕ್ಕನ್ನು ತೂರಿ ಹೋಗುವ ಕಡೆ ಇನ್ನೂ ಹುಷಾರು. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ತಗುಲುತ್ತಿರಬೇಕು. ಗಾಳಿಯಿಲ್ಲದೆ ಒದ್ದೆಯಲ್ಲಿ ಕೂತರೆ ಅದೂ ಒಳಗಿಂದ ಬಿರುಕು ಬಿಡುತ್ತದೆ. ಆ ಪಟ್ಟಿಗಳನ್ನು ಒಂದೊಂದಾಗಿ, ಅದರ ತಂತಿಯ ಜಾಗದಲ್ಲಿ ಗಟ್ಟಿ ಹಗ್ಗವೊಂದನ್ನು ಬಿಗಿದುಕೊಂಡು, ಹೊರತೆಗೆದು ನೋಡಿ.

ಹಗ್ಗಗಳನ್ನು ಕಾಕ್‌ಪಿಟ್‌ಗೆ ತರಬೇಕೇ?

ಮುಖ್ಯ ಹಾಯಿಯನ್ನು ಏರಿಸುವ ಹಗ್ಗ ಮಾಸ್ಟಿನ ಬುಡದಲ್ಲಿದ್ದರೆ, ಅಲೆಯೆದ್ದಾಗ ಮುಂದಕ್ಕೆ ಹೋಗಬೇಕಾಗುತ್ತದೆ. ಅದನ್ನು ರಾಟೆಗಳ ಮೂಲಕ ಹಿಂದಕ್ಕೆ, ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ಗೆ, ತಂದುಕೊಳ್ಳುವುದು ಬಹಳ ಜನರ ಮೊದಲ ಆಸೆ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲವನ್ನೂ ತನ್ನಿ, ಇಲ್ಲವೇ ಯಾವುದನ್ನೂ ತರಬೇಡಿ. ಹಾಯಿ ಏರಿಸುವ ಹಗ್ಗ ಕಾಕ್‌ಪಿಟ್‌ನಲ್ಲಿ, ಹಾಯಿಯನ್ನು ಮಡಚಿ ಗಿಡ್ಡ ಮಾಡಿ ಸಿಕ್ಕಿಸುವ ಕೊಕ್ಕೆ ಮಾಸ್ಟಿನಲ್ಲಿ ಎಂದಾದರೆ ಗಾಳಿ ಜೋರಾದಾಗ ಹಿಂದಕ್ಕೂ ಮುಂದಕ್ಕೂ ಓಡುವುದೇ ಆಗುತ್ತದೆ. ಅದಕ್ಕಿಂತ ಎಲ್ಲವೂ ಮಾಸ್ಟಿನ ಬುಡದಲ್ಲೇ ಇದ್ದು, ಅಲ್ಲಿ ಸೊಂಟಕ್ಕೆ ಒರಗು ಕೊಡುವ ಒಂದು ಕಂಬಿ ಇದ್ದರೆ ಸಾಕು.

ತರುವುದೇ ಆದರೆ ಒಂದು ಲೆಕ್ಕ ನೆನಪಿಡಿ. ಹಗ್ಗ 90 ಡಿಗ್ರಿ ತಿರುಗುವ ರಾಟೆಯ ಮೇಲೆ ಬೀಳುವ ಎಳೆತ, ಹಗ್ಗದಲ್ಲಿರುವ ಎಳೆತದ 1.4 ಪಟ್ಟು. 200 ಕಿಲೋ ಎಳೆತವಿದ್ದರೆ ಮಾಸ್ಟಿನ ಬುಡದ ರಾಟೆಗೆ 280 ಕಿಲೋ. ಬರೀ ವಾಷರ್ ಹಾಕಿ ಕೂರಿಸಿದರೆ ಅದು ಡೆಕ್ಕನ್ನೇ ಕಿತ್ತುಕೊಂಡು ಬರಬಹುದು. ಮೇಲೆ ಹೇಳಿದ ಎಪಾಕ್ಸಿಯ ತೂತು, ಅಡಿಯ ತಗಡು, ಎರಡೂ ಇಲ್ಲಿ ಬೇಕೇ ಬೇಕು. ರಾಟೆ ಹೆಚ್ಚಾದಷ್ಟೂ ತಿಕ್ಕಾಟ ಹೆಚ್ಚು. ಹಾಗಾಗಿ ತಿರುವು ಕಡಿಮೆ ಇರಲಿ.

ಆಮೇಲೆ ದೋಣಿ ಕಟ್ಟಿದ್ದಲ್ಲೇ, ಗಾಳಿಯಿಲ್ಲದ ದಿನ, ಹಾಯಿಯನ್ನು ಹತ್ತು ಸಲ ಮಡಚಿ ಬಿಚ್ಚಿ ಅಭ್ಯಾಸ ಮಾಡಿ. ಗಾಳಿಯ ವೇಗ 10 ನಾಟ್‌ನಿಂದ 20ಕ್ಕೆ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಏರಿದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಕಣ್ಣು ಮುಚ್ಚಿ ಮಾಡುವಷ್ಟು ಕೈಗೆ ರೂಢಿಯಾಗಿರಬೇಕು.

ವಿದ್ಯುತ್ತಿನ ಲೆಕ್ಕ ಕಾಗದದ ಮೇಲೆ

ಬ್ಯಾಟರಿ ಕೊಳ್ಳುವ ಮುಂಚೆ ಒಂದು ದಿನದ ಖರ್ಚು ಬರೆಯಿರಿ. ವಾಟ್ ಸಂಖ್ಯೆಯನ್ನು 12ರಿಂದ ಭಾಗಿಸಿದರೆ ಆಂಪ್, ಅದನ್ನು ಗಂಟೆಯಿಂದ ಗುಣಿಸಿದರೆ ಆಂಪ್-ಅವರ್. ಲಂಗರು ಹಾಕಿದಾಗ ಮಾಸ್ಟಿನ ತುದಿಯಲ್ಲಿ ಉರಿಯುವ ಹಳೆಯ 10 ವಾಟ್ ಬಲ್ಬು ಹತ್ತು ಗಂಟೆಗೆ 8 ಆಂಪ್-ಅವರ್ ದಾಟುತ್ತದೆ. 2 ವಾಟಿನ ಎಲ್‌ಇಡಿ ಹಾಕಿದರೆ 2 ಕೂಡ ಆಗುವುದಿಲ್ಲ. ಹಾಗಾಗಿ ದೊಡ್ಡ ಬ್ಯಾಟರಿಗಿಂತ ಮೊದಲು ಬಲ್ಬು ಬದಲಿಸಿ. ಎಲ್ಲ ಕೂಡಿ ದಿನಕ್ಕೆ 30 ಆಂಪ್-ಅವರ್ ಬಂತು ಎನ್ನಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ. ಆದ್ದರಿಂದ 60 ಕನಿಷ್ಠ. ಮೋಡ ಮುಸುಕಿದ ದಿನಕ್ಕೆ ಸೇರಿಸಿ 100 ಇಟ್ಟುಕೊಳ್ಳಿ. 100 ವಾಟಿನ ಸೌರ ಫಲಕ ಒಳ್ಳೆಯ ಬಿಸಿಲಿನ ದಿನ 25 ಆಂಪ್-ಅವರ್ ಆಸುಪಾಸು ಕೊಡುತ್ತದೆ. ಹಗ್ಗದ ಅಥವಾ ಕಂಬದ ನೆರಳು ಒಂದು ಮೂಲೆಗೆ ಬಿದ್ದರೂ ಇದು ಧಡಕ್ಕನೆ ಇಳಿಯುತ್ತದೆ. ಎಲ್ಲಿ ನೆರಳು ಬೀಳುವುದಿಲ್ಲ ಎಂದು ಒಂದು ಯಾನದಲ್ಲಿ ಗಮನಿಸಿ, ಆಮೇಲೆ ಫಲಕ ಕೂರಿಸಿ.

ವೈರು ತವರ ಲೇಪಿಸಿದ ತಾಮ್ರದ್ದಾಗಿರಲಿ. ಸಾದಾ ತಾಮ್ರ ಉಪ್ಪು ಗಾಳಿಗೆ ಒಳಗೇ ಕಪ್ಪಾಗುತ್ತದೆ. ಜೋಡಣೆಗೆ ಬೆಸುಗೆಯೊಂದನ್ನೇ ನಂಬದೆ, ಒಳ್ಳೆಯ ಇಕ್ಕಳದಿಂದ ಟರ್ಮಿನಲ್ ಒತ್ತಿ ಅಂಟುಳ್ಳ ಶ್ರಿಂಕ್ ಕೊಳವೆ ಹಾಕಿ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 18 ಸೆಂಟಿಮೀಟರ್ ಒಳಗೇ ಇರಬೇಕು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದ ಬ್ಯಾಟರಿ ನೂರಾರು ಆಂಪ್ ಹರಿಸುತ್ತದೆ. ಅಷ್ಟಕ್ಕೆ ವೈರು ಕೆಂಡವಾಗುತ್ತದೆ. ಓಡಿಹೋಗಲು ಜಾಗವಿಲ್ಲದ ದೋಣಿಯಲ್ಲಿ ಬೆಂಕಿಗಿಂತ ಕೆಟ್ಟದ್ದು ಇಲ್ಲ.

ಲಂಗರು

ನಿದ್ದೆ ಬರುವುದು ಬಿಡುವುದು ಇದರ ಮೇಲೆ. ನೇಗಿಲಿನಂತಿರುವ ಸಿಕ್ಯುಆರ್ ಲಂಗರನ್ನು 1933ರಲ್ಲಿ ರೂಪಿಸಿದ್ದು ಜೆಫ್ರಿ ಇಂಗ್ರಾಮ್ ಟೇಲರ್ ಎಂಬ ಭೌತವಿಜ್ಞಾನಿ. ಹಾಯಿದೋಣಿಯ ಹುಚ್ಚಿದ್ದವರು. ಲಂಗರು ತನ್ನ ಭಾರದಿಂದಲ್ಲ, ನೆಲದೊಳಗೆ ಕಚ್ಚಿಕೊಳ್ಳುವುದರಿಂದ ದೋಣಿಯನ್ನು ಹಿಡಿಯುತ್ತದೆ. ಕಚ್ಚಬೇಕಾದರೆ ಎಳೆತ ಆದಷ್ಟು ಅಡ್ಡಡ್ಡವಾಗಿರಬೇಕು. ಹಾಗಾಗಿ ಸರಪಳಿ ಉದ್ದ ಬಿಡಬೇಕು.

ಎಷ್ಟು ಉದ್ದ? ನೀರಿನ ಆಳ 4 ಮೀಟರ್. ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ. ರಾತ್ರಿ ಉಬ್ಬರಕ್ಕೆ 2 ಮೀಟರ್ ಏರುತ್ತದೆ. ಒಟ್ಟು 7. ಅದರ ಐದು ಪಟ್ಟು, 35 ಮೀಟರ್. ಸರಪಳಿಗಿಂತ ಹಗ್ಗ ಜಾಸ್ತಿ ಇದ್ದರೆ, ಇಲ್ಲವೇ ಜೋರು ಗಾಳಿಯ ಸೂಚನೆ ಇದ್ದರೆ, ಏಳು ಪಟ್ಟು. ತುಂಬಾ ಜನ ಬರೀ 4 ಮೀಟರನ್ನು ಹಿಡಿದು ಲೆಕ್ಕ ಹಾಕಿ, ನಡುರಾತ್ರಿ ದಡದತ್ತ ಜಾರುತ್ತಾರೆ. ಲಂಗರು ಇಳಿಸಿದ ಮೇಲೆ ಎಂಜಿನ್ನನ್ನು ಹಿಮ್ಮುಖವಾಗಿ ನಿಧಾನಕ್ಕೆ ಓಡಿಸಿ. ದಡದಲ್ಲಿ ಒಂದರ ಹಿಂದೆ ಒಂದಿರುವ ಮರ, ಕಂಬ ಹೀಗೆ ಎರಡು ಗುರುತು ಹಿಡಿಯಿರಿ. ಅವು ಒಂದಕ್ಕೊಂದು ಸರಿಯದಿದ್ದರೆ ಲಂಗರು ಕಚ್ಚಿದೆ. ಸರಪಳಿಯ ಒಳತುದಿಯನ್ನು ದೋಣಿಗೆ ಹಗ್ಗದಿಂದ ಕಟ್ಟಿ. ಆಪತ್ತಿನಲ್ಲಿ ಚಾಕುವಿನಿಂದ ಕತ್ತರಿಸಿ ಹೊರಡಬಹುದು.

ಮೂರನೇ ಕೈ

ಸಣ್ಣ ದೋಣಿಯಲ್ಲಿ ದಣಿವು ತರುವುದು ಅಲೆಯಲ್ಲ, ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ಕೂರುವುದು. 1960ರಲ್ಲಿ ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ಮೊದಲ ಪಂದ್ಯದಲ್ಲಿ ಬ್ಲಾಂಡಿ ಹ್ಯಾಸ್ಲರ್ 25 ಅಡಿಯ ‘ಜೆಸ್ಟರ್’ ದೋಣಿಯಲ್ಲಿ ಹೋದರು. ತಾವೇ ರೂಪಿಸಿದ, ಗಾಳಿಯ ದಿಕ್ಕು ಹಿಡಿದು ಚುಕ್ಕಾಣಿ ತಿರುಗಿಸುವ ಗಾಳಿಪಟ್ಟಿಯ ಯಂತ್ರ ದೋಣಿಯನ್ನು ನಡೆಸಿತು. 48 ದಿನದಲ್ಲಿ ಎರಡನೆಯವರಾಗಿ ಮುಟ್ಟಿದರು. ಅಂಥ ಯಂತ್ರ ಕೊಳ್ಳುವ ಮುಂಚೆ ಹಗ್ಗ ಮತ್ತು ರಬ್ಬರಿನಲ್ಲೇ ಒಂದು ಉಪಾಯ ಮಾಡಿ ನೋಡಿ. ಮುಂದಿನ ಹಾಯಿಯ ಬಿಗಿದ ಹಗ್ಗಕ್ಕೆ ಸಣ್ಣ ಹಗ್ಗವೊಂದನ್ನು ಕಟ್ಟಿ, ಗಾಳಿ ಬರುವ ಬದಿಯಲ್ಲಿ ಒಂದು ರಾಟೆಯ ಮೂಲಕ ತಂದು ಚುಕ್ಕಾಣಿಯ ಹಿಡಿಗೆ ಕಟ್ಟಿ. ಎದುರು ಬದಿಯಿಂದ ಹಿಡಿಗೆ ರಬ್ಬರ್ ಕೊಳವೆ ಬಿಗಿಯಿರಿ. ದೋಣಿ ಗಾಳಿಯತ್ತ ತಿರುಗಿದರೆ ಹಾಯಿಯ ಎಳೆತ ಹೆಚ್ಚುತ್ತದೆ. ಸಣ್ಣ ಹಗ್ಗ ಹಿಡಿಯನ್ನು ಎಳೆಯುತ್ತದೆ, ದೋಣಿ ದಾರಿಗೆ ಮರಳುತ್ತದೆ. ಗಾಳಿಯಿಂದ ಆಚೆ ತಿರುಗಿದರೆ ಎಳೆತ ಸಡಿಲ, ಆಗ ರಬ್ಬರಿನ ಕೈ ಮೇಲಾಗುತ್ತದೆ. ರಬ್ಬರಿನ ಬಿಗಿ ಸರಿಹೊಂದಿಸಲು ಒಂದು ಮಧ್ಯಾಹ್ನ ಬೇಕು. ದೋಣಿ ಮೊದಲ ಸಲ ತಾನೇ ನಡೆದಾಗ ಆಗುವ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಈಗ ಹೊರಡಿ

ಮೊದಲ ಯಾನ ಒಂದು ರಾತ್ರಿಯದು, ಹತ್ತಿರದ್ದು. ನೀರಿನ ಮಟ್ಟದಲ್ಲಿ 20 ಅಡಿ ಉದ್ದವಿರುವ ದೋಣಿ ಗಂಟೆಗೆ 6 ನಾಟಿಕಲ್ ಮೈಲಿಗಿಂತ ವೇಗವಾಗಿ ಹೋಗುವುದು ಕಷ್ಟ. ಸರಾಸರಿ 4 ಹಿಡಿಯಿರಿ. 30 ಮೈಲಿಗೆ ಏಳೂವರೆ ಗಂಟೆ. ಬೆಳಕಿರುವಾಗಲೇ ಲಂಗರು ಹಾಕುವಂತೆ ಲೆಕ್ಕವಿರಲಿ. ತಲೆಗೆ ದಿನಕ್ಕೆ 4 ಲೀಟರ್ ಸಿಹಿನೀರು, ಮೇಲೆ ಒಂದೆರಡು ದಿನದ್ದು ಜಾಸ್ತಿ. ಭಾರದ ಸಾಮಾನು ಕೆಳಗೆ, ದೋಣಿಯ ನಡುವೆ. ಡೆಕ್ಕಿನ ಉದ್ದಕ್ಕೂ ಚಪ್ಪಟೆ ಪಟ್ಟಿಯ ಹಗ್ಗ ಬಿಗಿದು, ಮೈಗೆ ಕಟ್ಟಿದ ಬಾರನ್ನು ಅದಕ್ಕೆ ಸಿಕ್ಕಿಸಿ ನಡೆಯಿರಿ. ಬಾರು ದೋಣಿಯ ಅಂಚು ದಾಟಿ ಬೀಳದಷ್ಟು ಗಿಡ್ಡವಿರಲಿ.

ಒಂದು ಪುಸ್ತಕವನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಮುಂದಿನ ಪುಟಗಳಲ್ಲಿ ಗಾಳಿ, ದಾರಿ, ಹೊತ್ತು. ಕೊನೆಯ ಪುಟದಿಂದ ಹಿಂದಕ್ಕೆ, ಮಾಡಬೇಕಾದ ಕೆಲಸಗಳು. ಎಲ್ಲಿ ಹನಿ ಬಿತ್ತು, ಯಾವ ಹಗ್ಗ ಸಿಕ್ಕಿಕೊಂಡಿತು, ಕತ್ತಲಲ್ಲಿ ಯಾವುದು ಕೈಗೆ ಸಿಗಲಿಲ್ಲ, ಆ ಕ್ಷಣವೇ ಬರೆಯಿರಿ. ನನ್ನ ಪುಸ್ತಕದ ಕೊನೆಯ ಪುಟದಲ್ಲಿ ದಡದಲ್ಲಿ ಕೂತು ಬರೆದ ಮೊದಲ ಸಾಲು ಫ್ರಿಜ್. ಮೂರು ಯಾನ ಮುಗಿದ ಮೇಲೆ ಅದನ್ನು ಹೊಡೆದುಹಾಕಿದೆ. ಅದರ ಜಾಗಕ್ಕೆ ಬಂದದ್ದು ಕಾಲಲ್ಲಿ ಒತ್ತಿ ಸಮುದ್ರದ ನೀರು ಎತ್ತುವ ಸಣ್ಣ ಪಂಪು. ಪಾತ್ರೆ ತೊಳೆಯಲು ಸಿಹಿನೀರು ಸುಮ್ನೆ ಹೋಗುವುದು ಅವತ್ತಿಗೆ ನಿಂತಿತು. ಆ ಪಂಪು ಇನ್ನೂ ಕೆಲಸ ಮಾಡುತ್ತಿದೆ.