ಆರು ಚುಕ್ಕೆಯ ಜೀರುಂಡೆಯನ್ನು ಹೊಟ್ಟೆ ಕಡೆಯಿಂದ ಗುರುತಿಸುವುದು

ಆಂಥಿಯಾ ಎಂಬ ಈ ಆರು ಚುಕ್ಕೆಯ ನೆಲ ಜೀರುಂಡೆ ಕಂಡರೆ ಮೊದಲ ನಿಯಮ: ಕೈ ಹಾಕಬೇಡಿ, ಮುಖ ಹತ್ತಿರ ಒಯ್ಯಬೇಡಿ. ಹೊಟ್ಟೆಯ ತುದಿಯಲ್ಲಿರುವ ಜೋಡಿ ಗ್ರಂಥಿಗಳಿಂದ ಅದು ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕಾಲು ಗಂಟೆಯಾದರೂ ಶುದ್ಧ ನೀರಿನಲ್ಲಿ ತೊಳೆದು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹುಡುಗರು ಈ ಮಾತನ್ನು ತಮ್ಮ ಬಾಯಲ್ಲೇ ಒಪ್ಪಿಸಿದ ಮೇಲೆಯೇ ನಾನು ಅವರ ಕೈಗೆ ಟಾರ್ಚ್ ಕೊಡುವುದು.

ನಾನು ಹಿರಿಯೂರು ಕಡೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಊರಾಚೆಗೆ ಜಾಲಿ, ತಂಗಡಿ ಗಿಡಗಳ ಕುರುಚಲು ಕಾಡಿದೆ. ಇಂಥ ಒಣ ಬಯಲೇ ಈ ಹುಳಕ್ಕೆ ಇಷ್ಟ. ಮಳೆ ಬಿದ್ದ ಮೇಲೆ ಹೊತ್ತು ಮುಳುಗುವಾಗ ಕಲ್ಲಿನ ಸಂದು, ಪೊದೆಯ ಬುಡ ನೋಡುತ್ತಾ ಹೋಗಿ. ಸುಮಾರು 4 ಸೆಂಟಿಮೀಟರ್ ಉದ್ದದ ಕಪ್ಪು ಜೀರುಂಡೆ ನೆಲದ ಮೇಲೆ ಓಡುತ್ತಿರುತ್ತದೆ. ಹಾರುವುದಿಲ್ಲ. ಬೇರೆ ಹುಳುಗಳನ್ನು ಹಿಡಿದು ತಿನ್ನುತ್ತದೆ.

ಬೆನ್ನ ಮೇಲೆ ಆರು ಬಿಳಿ ಚುಕ್ಕೆ. ಎದೆಯ ಮೇಲ್ತಟ್ಟೆಯಲ್ಲಿ ಎರಡು, ಮೇಲ್ರೆಕ್ಕೆಗಳಲ್ಲಿ ನಾಲ್ಕು. ಲಿನೇಯಸ್‌ನ ಶಿಷ್ಯ, ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1775ರಲ್ಲಿ ಇದಕ್ಕೆ ಹೆಸರಿಟ್ಟಾಗ ಈ ಚುಕ್ಕೆಗಳನ್ನೇ ಹಿಡಿದು, ಆರು ಚುಕ್ಕೆಯದು ಎನ್ನುವ ಅರ್ಥದಲ್ಲಿ ಸೆಕ್ಸ್‌ಗಟ್ಟಾಟಾ ಎಂದ. ಎಲ್ಲರೂ ಚುಕ್ಕೆ ಎಣಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಬೇಡ ಎನ್ನುವುದು ಅದನ್ನೇ. ಈ ಬಿಳುಪು ಚಿಪ್ಪಿನ ಬಣ್ಣವಲ್ಲ, ಒತ್ತಾಗಿ ಬೆಳೆದ ಸಣ್ಣ ಕೂದಲು. ಕೂದಲು ಸವೆಯಬಹುದು. ಅದೂ ಅಲ್ಲದೆ, ಚುಕ್ಕೆಯನ್ನು ಬೇರೆ ಪ್ರಾಣಿಗಳೂ ನಕಲು ಮಾಡುತ್ತವೆ.

ನಮ್ಮದೇ ಕುರುಚಲಿನಲ್ಲಿ ಥೇರಿಯಾ ಪೆಟಿವೇರಿಯಾನಾ ಎಂಬ ಜಿರಲೆ ಇದೆ. ಕಪ್ಪು ಮೈ, ಏಳು ಬಿಳಿ ಚುಕ್ಕೆ. ಅದು ಈ ಜೀರುಂಡೆಯ ವೇಷ ಹಾಕಿ ಬದುಕುತ್ತದೆ ಎನ್ನುವುದು ಸಂಶೋಧಕರ ಊಹೆ. ಆಫ್ರಿಕಾದ ಕಲಹಾರಿಯಲ್ಲಂತೂ ಹಲ್ಲಿಯೇ ಈ ವೇಷ ಹಾಕುತ್ತದೆ. ಅಲ್ಲಿನ ಒಂದು ಜಾತಿಯ ಹಲ್ಲಿಮರಿಗಳು ಕಪ್ಪು-ಬಿಳಿ ಬಣ್ಣದಲ್ಲಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಆಂಥಿಯಾದಂತೆ ಸೆಟೆದು ನಡೆಯುತ್ತವೆ. ಹ್ಯೂಯಿ ಮತ್ತು ಪಿಯಾಂಕಾ ಎಂಬ ಸಂಶೋಧಕರು 1977ರಲ್ಲಿ ಇದನ್ನು ವರದಿ ಮಾಡಿದರು. ಆಮ್ಲ ಚಿಮ್ಮಿಸುವ ಹುಳವೆಂದು ನಂಬಿಸಿದರೆ ಮರಿಗೆ ಪ್ರಾಣ ಉಳಿಯುತ್ತದೆ, ಅಲ್ವಾ? ಆದರೆ ಬೆನ್ನಿನ ಬಣ್ಣ ಅನುಕರಿಸಿದಷ್ಟು ಸುಲಭವಾಗಿ ಕಾಲಿನ ಬುಡದ ರಚನೆ ಬದಲಾಗುವುದಿಲ್ಲ. ಹಾಗಾಗಿ ಕೆಳಗಡೆ ನೋಡಬೇಕು.

ಬದುಕಿರುವ ಹುಳವನ್ನು ಮಗುಚುವುದು ಬೇಕಿಲ್ಲ. ಅಗಲ ಬಾಯಿಯ, ತಳ ಸಪಾಟಾಗಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು. ಡಬ್ಬ ಅಡ್ಡ ಇಟ್ಟು, ಉದ್ದ ಕಡ್ಡಿಯಿಂದ ಹುಳವನ್ನು ಮೆಲ್ಲಗೆ ಒಳಕ್ಕೆ ನಡೆಸಿ, ಮುಚ್ಚಳ ಹಾಕಿ. ಈಗ ಡಬ್ಬವನ್ನು ಎತ್ತಿ ಹಿಡಿದು ತಳದಿಂದ ನೋಡಿ. ಹುಳ ತನ್ನ ಪಾಡಿಗೆ ನಿಂತಿರುತ್ತದೆ, ಹೊಟ್ಟೆ ಪೂರ್ತಿ ಕಾಣುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇದ್ದರೆ ಉತ್ತಮ.

ಹಿಂಗಾಲು ಮೈಗೆ ಸೇರುವ ಜಾಗ ಹುಡುಕಿ. ಅಲ್ಲಿ ಕಾಲಿನ ಬುಡದ ತಟ್ಟೆ ಅಲುಗಾಡದಂತೆ ಎದೆಗೆ ಬೆಸೆದುಕೊಂಡಿರುತ್ತದೆ. ಅದು ಹಿಂದಕ್ಕೆ ಚಾಚಿ, ಹೊಟ್ಟೆಯ ಮೊದಲ ಪಟ್ಟಿಯನ್ನು ಮಧ್ಯದಲ್ಲಿ ತುಂಡರಿಸುತ್ತದೆ. ಪಟ್ಟಿ ಎಡಕ್ಕೊಂದು, ಬಲಕ್ಕೊಂದು ತುಂಡಾಗಿ ಕಾಣುತ್ತದೆ. ಇದು ಜೀರುಂಡೆಗಳಲ್ಲಿ ಅಡೆಫಾಗಾ ಎಂಬ ಉಪಗಣದ (ದೊಡ್ಡ ಗುಂಪಿನ) ಗುರುತು. ಬಹುಪಾಲು ಜೀರುಂಡೆಗಳಲ್ಲಿ ಆ ಪಟ್ಟಿ ಹೀಗೆ ಎರಡಾಗಿರುವುದಿಲ್ಲ. ತಟ್ಟೆಯ ಪಕ್ಕದಲ್ಲೇ ಅವರೆಕಾಳಿನಂತೆ ಉಬ್ಬಿದ ಒಂದು ತುಣುಕಿದೆ. ತೊಡೆಯನ್ನು ಬುಡಕ್ಕೆ ಜೋಡಿಸುವ ಕೊಂಡಿ ಅದು. ನೆಲ ಜೀರುಂಡೆಗಳಲ್ಲಿ ಅದು ಎದ್ದು ಕಾಣುವಷ್ಟು ದೊಡ್ಡದು. ಈ ಎರಡನ್ನು ನೋಡಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಆತುರ ಬೇಡ.

ಇನ್ನು ಪಾದ. ಆರೂ ಕಾಲುಗಳಲ್ಲಿ ಐದೈದು ಗೆಣ್ಣು ಇರಬೇಕು. ನಮ್ಮ ಬಯಲಲ್ಲಿ ಕಪ್ಪಗೆ ದಪ್ಪಗೆ ಓಡಾಡುವ ಟೆನೆಬ್ರಿಯೋನಿಡೇ ಎಂಬ ಬೇರೆ ಕುಟುಂಬದ ಜೀರುಂಡೆಗಳಿಗೆ ಹಿಂಗಾಲಿನಲ್ಲಿ ನಾಲ್ಕೇ ಗೆಣ್ಣು. ಮುಂಗಾಲಿನ ಒಳಮಗ್ಗುಲಲ್ಲಿ ಸಣ್ಣ ಕಚ್ಚು ಇರುತ್ತದೆ. ಮೀಸೆಯನ್ನು ಅದರೊಳಗೆ ಎಳೆದು ಶುಚಿ ಮಾಡಿಕೊಳ್ಳುತ್ತದೆ. ಮೀಸೆ ದಾರದಂತೆ ಸಣ್ಣಗೆ, 11 ಗೆಣ್ಣು. ಇಷ್ಟೆಲ್ಲ ಕೂಡಿದರೆ ಕಾರಾಬಿಡೇ, ಅಂದರೆ ನೆಲ ಜೀರುಂಡೆಗಳ ಕುಟುಂಬ. ಜಗತ್ತಿನಲ್ಲಿ ಸುಮಾರು 40 ಸಾವಿರ ಪ್ರಭೇದಗಳಿರುವ ದೊಡ್ಡ ಕುಟುಂಬ ಇದು.

ಕುಟುಂಬ ಖಾತ್ರಿಯಾದ ಮೇಲೆ ಡಬ್ಬ ಕೆಳಗಿಟ್ಟು ಮುಖ ನೋಡಿ. ತಲೆ ಪೂರಾ ಮುಂದಕ್ಕೆ ಚಾಚಿದೆ, ದವಡೆ ಬಲವಾಗಿದೆ. ಜಿರಲೆಯ ತಲೆ ಎದೆಯ ಗುರಾಣಿಯ ಕೆಳಗೆ ಅಡಗಿರುತ್ತದೆ. ಅಲ್ಲಿಗೇ ಥೇರಿಯಾ ಬೇರೆಯಾಯಿತು. ಮೇಲ್ತುಟಿ ಉದ್ದವಾಗಿ ಮುಂದಕ್ಕೆ ಬಂದಿದ್ದರೆ ಅದು ಆಂಥಿಯಾ ಸೇರಿರುವ ಆಂಥಿಯೀನಿ ಪಂಗಡದ ಲಕ್ಷಣ. ಎದೆಭಾಗ ಹಿಂದಕ್ಕೆ ಕಿರಿದಾಗಿ, ಮೇಲ್ರೆಕ್ಕೆ ಶುರುವಾಗುವಲ್ಲಿ ಸೊಂಟದ ಹಾಗೆ ಕಾಣುತ್ತದೆ. ಚುಕ್ಕೆಯ ಸರದಿ ಈಗ ಬಂತು. ಕುಟುಂಬ, ಪಂಗಡ ತಿಳಿದ ಮೇಲೆ ಪ್ರಭೇದ ಹೇಳಲು ಚುಕ್ಕೆ ನೆರವಿಗೆ ಬರುತ್ತದೆ.

ಹೆಸರಿನ ಬಗ್ಗೆ ಸ್ವಲ್ಪ. ಫ್ಯಾಬ್ರಿಷಿಯಸ್ ಇದನ್ನು ಕಾರಾಬಸ್ ಎಂಬ ಜೀನಸ್‌ನಲ್ಲಿ (ಹತ್ತಿರದ ಪ್ರಭೇದಗಳ ಗುಂಪಿನಲ್ಲಿ) ಇಟ್ಟಿದ್ದ. ಆಗ ನೆಲ ಜೀರುಂಡೆಗಳನ್ನೆಲ್ಲ ಹೆಚ್ಚುಕಡಿಮೆ ಅಲ್ಲೇ ತುಂಬುತ್ತಿದ್ದರು. ಆಂಥಿಯಾ ಎಂಬ ಜೀನಸ್ ಮಾಡಿದ್ದು ವೆಬರ್ ಎಂಬ ವಿಜ್ಞಾನಿ, 1801ರಲ್ಲಿ. ಅದರ ಬಹುತೇಕ ಪ್ರಭೇದಗಳು ಆಫ್ರಿಕಾದವು. ಥರ್ಮೋಫಿಲಮ್ ಎಂಬ ಗುಂಪನ್ನು ಕೆಲವರು ಆಂಥಿಯಾದೊಳಗೆ ಇಡುತ್ತಾರೆ, ಕೆಲವರು ಬೇರೆ ಜೀನಸ್ ಎನ್ನುತ್ತಾರೆ. ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬದಲಾದರೆ ಗಾಬರಿಯಾಗಬೇಡಿ. ನೀವು ಕಂಡ ಅಂಗಗಳನ್ನು ಸರಿಯಾಗಿ ಬರೆದಿಟ್ಟಿದ್ದರೆ ಯಾವ ಪಟ್ಟಿಗಾದರೂ ಹೊಂದಿಸಬಹುದು.

ಮೊಬೈಲಿನಲ್ಲಿ ಮೂರು ಫೋಟೋ ತೆಗೆಯಿರಿ: ಬೆನ್ನು, ಡಬ್ಬದ ತಳದಿಂದ ಹೊಟ್ಟೆ, ಮುಖ. ಪಕ್ಕದಲ್ಲಿ ಸ್ಕೇಲ್ ಇಡಿ. ತಾರೀಖು, ಜಾಗ, ಹೊತ್ತು, ಸುತ್ತಲಿನ ಗಿಡಗಳನ್ನು ಬರೆದುಕೊಂಡು, ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಬೆನ್ನಿನ ಫೋಟೋ ಒಂದೇ ಹಾಕುವವರು ಜಾಸ್ತಿ, ಹೊಟ್ಟೆಯದು ತೀರಾ ಕಡಿಮೆ. ಕೆಲಸ ಮುಗಿದ ಕೂಡಲೇ ಸಿಕ್ಕಿದ ಜಾಗದಲ್ಲೇ ಬಿಡಿ. ಡಬ್ಬದ ಬಾಯನ್ನು ನಿಮ್ಮಿಂದ ಆಚೆಗೆ ತಿರುಗಿಸಿ ಮುಚ್ಚಳ ತೆಗೆಯಿರಿ, ಆಮೇಲೆ ಡಬ್ಬವನ್ನು ಸೋಪು ಹಾಕಿ ತೊಳೆಯಿರಿ.